ದೇವಿಕೊಪ್ಪದ ಕೆರೆಗೆ ಹೋದ ದಿನ

ಜೋಕಾಲಿ ಬರಿದೇ ತೂಗುತ್ತಿತ್ತು. ಈಗಷ್ಟೇ ಅದರಲ್ಲಿ ಕೂತಿದ್ದ ಮಗಳು ಅಲ್ಲಿರಲಿಲ್ಲ.

“ದುರಗೀ! ಏ ದುರಗೀ!” ತಾಯವ್ವ ಮೊದಲು ಸಿಟ್ಟಿನಿಂದ ಕೂಗಿದಳು, ಆಮೇಲೆ ಅಂಜಿ ಕೂಗಿದಳು. ಆಡುತ್ತಿದ್ದ ಮಕ್ಕಳನ್ನು ಕೇಳಿದಳು, ಯಾರೂ ನೋಡಿರಲಿಲ್ಲ. ಮೂರು ಕಡೆ ಅಡವಿ, ಮುಂದೆ ಕೆರೆ. ಅರಣ್ಯ ಇಲಾಖೆಯವರು ದಂಡೆಗೆ ಜೋಕಾಲಿ ಕಟ್ಟಿ, ಕಲ್ಲುಬೆಂಚು ಹಾಕಿ, ಒಂದು ದೋಣಿ ಬಿಟ್ಟ ಮೇಲೆ ಊರೂರಿನ ಜನ ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಿದ್ದರು. ಹತ್ತಿಯ ಸುಗ್ಗಿ ಮುಗಿದು ಅರಳೆ ಬಿಡಿಸುವ ನವಲಗುಂದದ ಜಿನ್ನು ಮುಚ್ಚಿತ್ತು. ಅಲ್ಲಿನ ಕೂಲಿಯವರೆಲ್ಲ ಹೆಂಡಿರು ಮಕ್ಕಳೊಂದಿಗೆ ಲಾರಿಯಲ್ಲಿ ಬಂದಿಳಿದಿದ್ದರು.

ಅವರಲ್ಲೊಬ್ಬನಾದ ತಾಯವ್ವನ ಗಂಡ ಕನಕಪ್ಪ ಮರದ ನೆರಳಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಮೊದಲ ಗಂಡ ಸತ್ತ ಮೇಲೆ ತಾಯವ್ವ ಉಡಿಕೆಯಾಗಿ ಇವನ ಮನೆ ಸೇರಿದ್ದಳು. ಅವಳ ಸೆರಗು ಹಿಡಿದು ಬಂದ ದುರಗಿ ಇವನನ್ನು ಕಾಕಾ ಎನ್ನುತ್ತಿದ್ದಳು. ಅವನು ಹುಡುಗಿಯನ್ನು ಬೈದವನಲ್ಲ, ಹೊಡೆದವನಲ್ಲ, ಎತ್ತಿಕೊಂಡವನೂ ಅಲ್ಲ.

“ಇಲ್ಲೇ ಎಲ್ಲ್ಯರ ಆಡಾಕ್ಹತ್ತಿರಬೇಕು, ತಡಿ” ಎಂದ.

ಅಷ್ಟರಲ್ಲಿ ಯಾರೋ ನೀರಿನತ್ತ ಬೊಟ್ಟು ಮಾಡಿದರು. ನಡುಗೆರೆಯತ್ತ ಕೆಂಪನೆಯದೇನೋ ತೇಲುತ್ತಿತ್ತು. ದುರಗಿಯ ಲಂಗವೂ ಕೆಂಪು.

“ನಿಮ್ಮ ಸ್ವಂತ ಮಗಳಾಗಿದ್ರ ಹಿಂಗ ಎಲಿ ತಿನಕೋಂತ ಕುಂಡ್ರತಿದ್ರೇನು?” ತಾಯವ್ವ ಚೀರಿದಳು.

ಕನಕಪ್ಪ ಒಮ್ಮೆ ಅವಳ ಮುಖ ನೋಡಿದ. ಎಲೆ ಬಿಸಾಕಿ ಓಡಿದ. ಬಯಲುಸೀಮೆಯ ಗಂಡಸು, ಈಜು ಕಲಿತವನಲ್ಲ. ಅದು ತಾಯವ್ವನಿಗೆ ಗೊತ್ತಿತ್ತು. ಆದರೂ ತಡೀರಿ ಎಂಬ ಮಾತು ಬಾಯಿಗೆ ಬರಲಿಲ್ಲ. ನೀರು ಅವನ ಸೊಂಟಕ್ಕೆ ಬಂತು, ಎದೆಗೆ ಬಂತು; ಆಮೇಲೆ ರುಮಾಲೊಂದೇ ಕಾಣಿಸಿತು.

“ಯವ್ವಾ...”

ಹಿಂದೆ ಅಡವಿಯ ಅಂಚಿನಲ್ಲಿ ದುರಗಿ ನಿಂತಿದ್ದಳು, ಲಂಗದ ತುಂಬ ಕವಳಿಹಣ್ಣು.

ತಾಯವ್ವ ಮಗಳ ರಟ್ಟೆ ಹಿಡಿದು ದರದರ ಎಳೆಯುತ್ತ ನೀರಿಗಿಳಿದಳು. “ಇಲ್ಲೇ ಅದಾಳ್ರೀ! ಬಂದಾಳ್ರೀ! ಹೊರಗ ಬರ್ರೀ!” ಕೇಳುವವನು ನೀರ ಮೇಲೆ ಇರಲಿಲ್ಲ.

ದೋಣಿಯ ಉಡಚಪ್ಪ ಆಚೆ ದಂಡೆಯಿಂದ ಹುಟ್ಟು ಹಾಕುತ್ತ ಬಂದು ಧುಮುಕಿದ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಕಡೆಗೆ ಕನಕಪ್ಪನ ಜುಟ್ಟು ಹಿಡಿದು ಎಳೆದು ತಂದು ಬೋರಲು ಹಾಕಿ ಬೆನ್ನು ಒತ್ತಿದ. ಬಾಯಿಂದ ನೀರು ಬಂತು, ಉಸಿರು ಬರಲಿಲ್ಲ. ತಾಯವ್ವ ಮಣ್ಣಿಗೆ ಹಣೆ ಹಚ್ಚಿ ಕಂಡ ಕಂಡ ದೇವರನ್ನೆಲ್ಲ ಕರೆದಳು.

ಕನಕಪ್ಪ ಕೆಮ್ಮಿದ. ಕಣ್ಣು ಬಿಡುತ್ತಲೇ ಅಂಬೆಗಾಲಿಟ್ಟು ಮತ್ತೆ ನೀರಿನ ಕಡೆಗೇ ಹೊರಟ. ಇಬ್ಬರು ಹಿಡಿದರೆ ಒಬ್ಬನ ಕೈ ಕಚ್ಚಿದ. “ಬಿಡ್ರಲೇ! ಕೂಸು ಒಳಗೈತಿ!”

“ನೀರಾಗ ತೇಲಿದ್ದು ಯಾರದೋ ಬುತ್ತಿ ಕಟ್ಟಿದ್ದ ಅರಿವಿ ಐತೋ ಮಾರಾಯಾ” ಎಂದ ಉಡಚಪ್ಪ.

ಕನಕಪ್ಪನಿಗೆ ಅದು ಕೇಳಿಸಲಿಲ್ಲ. ತಾಯವ್ವ ದುರಗಿಯನ್ನು ತಂದು ಅವನೆದುರು ನಿಲ್ಲಿಸಿದಳು. ಅವನು ಹುಡುಗಿಯ ತಲೆ ಮುಟ್ಟಿದ, ಕೂದಲು ಒದ್ದೆಯಾಗಿರಲಿಲ್ಲ. ಮತ್ತೊಮ್ಮೆ ಮುಟ್ಟಿದ. ಆಮೇಲೆ ಅಲ್ಲೇ ಕೂತುಬಿಟ್ಟ.

“ನಾ ಅಂದದ್ದು...” ಎಂದಳು ತಾಯವ್ವ.

ಕನಕಪ್ಪ ಅವಳತ್ತ ನೋಡಲಿಲ್ಲ. ಅಂಗಿ ಕಳಚಿ ಪಕ್ಕಕ್ಕಿಟ್ಟ. ತಾಯವ್ವ ಅದನ್ನೆತ್ತಿಕೊಂಡು ಹಿಂಡಿದಳು. ನೀರು ಸುರಿಯಿತು, ತೊಟ್ಟಿಕ್ಕಿತು, ನಿಂತಿತು. ಲಾರಿಯವನು ಹಾರ್ನ್ ಹೊಡೆದು ಕರೆಯುವವರೆಗೂ ಅವಳು ಹಿಂಡುತ್ತಲೇ ಇದ್ದಳು.