ಬಾಗಿಲಿಗಿಂತ ಎತ್ತರದ ಜೀಪು

ದರ್ಜಿಗೆ ಅಳತೆ ತೆಗೆಯದೆ ಸಮಾಧಾನವಿಲ್ಲ. ಗಿರಾಕಿಯ ಸೊಂಟವನ್ನು ಎರಡು ಸಲ ಅಳೆದು, ಆತ ಅಂಗಡಿಯ ಮೆಟ್ಟಿಲಿಳಿಯುವಾಗ "ಒಂದ್ನಿಮಿಷ ಸಾರ್" ಎಂದು ವಾಪಸು ಕರೆದು ಮತ್ತೊಮ್ಮೆ ಟೇಪು ಸುತ್ತುವ ಆಸಾಮಿ. ಇಂಥವನಿಗೆ ಹೆಣ್ಣು ಕೊಟ್ಟ ಮಾವ ಬಿಟ್ಟುಹೋದದ್ದು ಒಂದು ಹಳೇ ಜೀಪು.

ಗುಡ್ಡದ ಕಲ್ಲುಹಾದಿಗಳನ್ನು ಹತ್ತಿಳಿದು ಸೊಂಟ ಮುರಿದುಕೊಂಡಿದ್ದ ಗಾಡಿ ಅದು. ಹಿಂದೆ ಭಾರ ಹೊರುವ ಕಮಾನು ಪಟ್ಟಿಗಳು ಬಾಗುವುದನ್ನೇ ಮರೆತು ಚಪ್ಪಟೆಯಾಗಿದ್ದವು. ಕುಲುಕಾಟ ತಡೆಯುವ ಶಾಕ್‌ಗಳು ಎಣ್ಣೆ ಕಾರಿ ಒಣಗಿದ್ದವು. ಒಂದು ಹಂಪು ದಾಟಿದರೆ ಮುಂದಿನ ತಿರುವಿನವರೆಗೂ ಜೀಪು ತಲೆದೂಗುತ್ತಲೇ ಹೋಗುತ್ತಿತ್ತು. ಆದರೂ ರಜೆಯ ದಿನ ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡದ ನೆತ್ತಿಗೆ ಹೋಗಿಬರುವುದೊಂದೇ ದರ್ಜಿಯ ಬದುಕಿನ ದೊಡ್ಡ ಪುಂಡಾಟಿಕೆ.

ಅದರ ಮೇಲೆ ಭಾಮೈದನ ಕಣ್ಣು ಬಿದ್ದಿತ್ತು. ಬೇಕರಿ ಇಟ್ಟು, ಬೇಕರಿಯ ಮಾಲಿಗೆ ತಾನೇ ಮೊದಲ ಗಿರಾಕಿಯಾಗಿ ಬೆಳೆದ ದೇಹ.

"ಭಾವ, ಇದು ಓಡೋ ಗಾಡಿಯಲ್ಲ, ನೋಡೋ ಗಾಡಿ. ನಂಗೆ ಕೊಡಿ. ಬಣ್ಣ ಹೊಡೆಸಿ, ಬಾನೆಟ್ ತುಂಬ ಹೂಕುಂಡ ಇಟ್ಟು ಅಂಗಡಿ ಮುಂದೆ ನಿಲ್ಲಿಸ್ತೀನಿ."

ಹೂಕುಂಡ ಎಂದದ್ದು ದರ್ಜಿಯ ಎದೆಗೆ ಸೂಜಿ ಚುಚ್ಚಿದಂತಾಯಿತು. "ಪಟ್ಟಿ, ಶಾಕ್ ಎಲ್ಲ ನಾನೇ ಬದಲಾಯಿಸ್ತೀನಿ," ಎಂದುಬಿಟ್ಟ.

"ನೀವು? ಸರಿ, ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಅದು ತಾನಾಗಿ ಬೀದಿಗೆ ಬರಲಿ. ಬರಲಿಲ್ವೋ, ನಂದು."

ಅತ್ತೆಯ ಎದುರಿಗೇ ಮಾತಾಯಿತು. ಹಿಂದೆಗೆಯುವಂತಿರಲಿಲ್ಲ.

ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಗದರಿಸಿ, ಕೊನೆಗೆ ಬೇಡಿಕೊಂಡು ಬಿಚ್ಚಿದ. ಹೊಸ ಪಟ್ಟಿಯ ಉದ್ದ ಅಳೆದ. ಶಾಕನ್ನು ಒತ್ತಿ ಅಳೆದ, ಎಳೆದು ಅಳೆದ. ಸಂಶಯ ಬಂದಾಗಲೆಲ್ಲ ಜೀಪಿನಡಿಯಿಂದ ತೆವಳಿ ಬಂದು ಇನ್ನೊಮ್ಮೆ ಅಳೆದ. ಅಂಗಡಿಯಲ್ಲಿ ಕಾಜಾ ಹೊಲಿಯುವ ಹೆಂಡತಿ ನಡುನಡುವೆ ಚಹಾ ತಂದಿಟ್ಟು, ಹೊಸ ಪಟ್ಟಿಯನ್ನೂ ಹಳೆಯದನ್ನೂ ಒಮ್ಮೆ ನೋಡಿ, ಏನೂ ಹೇಳದೆ ಹೋಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ಜಾಕು ಇಳಿಸಿದ. ಚಕ್ರಗಳ ಮೇಲೆ ಭಾರ ಕೂತ ಮೇಲೆಯೇ ಪಟ್ಟಿಯ ತುದಿಯ ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯಬೇಕೆಂಬುದು ಅವನಿಗೆ ಗೊತ್ತಿತ್ತು. ಬಿಗಿದ. ಬಂಪರನ್ನು ಒತ್ತಿ ಬಿಟ್ಟ. ಜೀಪು ಒಮ್ಮೆ ಎದ್ದು ಗಪ್ಪೆಂದು ನಿಂತಿತು. ಆಹಾ, ಏನು ಠೀವಿ! ಮದುಮಗನ ಹಾಗೆ ಎದೆ ಸೆಟೆಸಿ ನಿಂತಿದೆ!

ಹಾಗೆ ನಿಂತದ್ದೇ ಎಡವಟ್ಟಾಯಿತು. ಇಂಜಿನ್ ಶುರುಮಾಡಿ ಮುಂದೆ ತಂದರೆ ಮೂತಿಯೇನೋ ಹೊರಬಂತು. ಆದರೆ ಜೀಪಿನ ಚಾವಣಿಯ ಹಿಂಭಾಗ ಶೆಡ್ಡಿನ ಬಾಗಿಲಿನ ಮೇಲಿನ ತೊಲೆಗೆ ಢಣ್ಣೆಂದು ಬಡಿಯಿತು. ಇಷ್ಟು ದಿನ ಜೀಪು ಈ ಬಾಗಿಲಲ್ಲಿ ಹಿಡಿಸುತ್ತಿದ್ದುದು ಸೊಂಟ ಬಿದ್ದಿದ್ದರಿಂದ! ಜಗತ್ತಿನ ಎಲ್ಲವನ್ನೂ ಅಳೆದವನು ಬಾಗಿಲನ್ನು ಅಳೆದಿರಲಿಲ್ಲ. ಟೇಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ಹಿಂದಿನ ಚಕ್ರಗಳ ಗಾಳಿ ಇಳಿಸಿದ. ಇನ್ನೂ ಎರಡು ಬೆರಳಷ್ಟು ಅಡ್ಡಿ. ಚಾವಣಿ ಬಿಚ್ಚೋಣವೆಂದರೆ ಅದರ ಬೋಲ್ಟುಗಳು ತುಕ್ಕಿನಲ್ಲಿ ಬೆಸೆದುಹೋಗಿವೆ. ಪಟ್ಟಿ ಮತ್ತೆ ಬಿಚ್ಚುವಷ್ಟು ಹೊತ್ತಿಲ್ಲ.

"ಇವಳೇ, ಕೆಟ್ಟೆ ಕಣೇ," ಎಂದು ಅಡುಗೆಮನೆಗೆ ಓಡಿದ.

ಹೆಂಡತಿ ಒಲೆಯ ಮುಂದಿನಿಂದ ಕದಲಲಿಲ್ಲ. ಅಲ್ಲಿ ಮದುವೆಮನೆಗಾಗುವಷ್ಟು ತಿಂಡಿ ಬೇಯುತ್ತಿತ್ತು. "ಮುಖ ತೊಳ್ಕೊಳ್ಳಿ. ಅಮ್ಮನೂ ತಮ್ಮನೂ ತಿಂಡಿಗೆ ಬರ್ತಿದ್ದಾರೆ."

"ಈ ಹೊತ್ತಲ್ಲಿ ಅವರನ್ನ ಯಾಕೆ ಕರೆದೆ?"

"ನೀವು ಸುಮ್ನಿರ್ತೀರಾ?"

ಭಾಮೈದ ಬಂದ, ತಿಂದ. "ಇನ್ನೊಂದು ಹಾಕ್ಲಾ?" ಎಂದು ಅಕ್ಕ ಕೇಳಿದಾಗಲೆಲ್ಲ ತಟ್ಟೆ ಮುಂದೆ ಚಾಚಿದ. ಕೈ ತೊಳೆದು ಶೆಡ್ಡಿಗೆ ಬಂದವನು ಗೋಡೆಯ ಗಡಿಯಾರ ನೋಡಿ ನಕ್ಕ. "ಹನ್ನೆರಡಾಗ್ತಾ ಬಂತು ಭಾವ. ಹೂಕುಂಡಕ್ಕೆ ಹೇಳ್ಲಾ?"

"ಒಳಗೆ ಕೂತು ನೋಡೋ ಮೊದ್ಲು," ಎಂದಳು ಅಕ್ಕ. "ಹೊರಗೆ ನಿಂತು ಕೊಂಕು ತೆಗೆಯೋದು ಯಾರಿಗಾದ್ರೂ ಬರುತ್ತೆ."

ಅವನು ಹಿಂದಿನ ಬಾಗಿಲಿಂದ ಹತ್ತಿದ. ಜೀಪು ನಿಟ್ಟುಸಿರುಬಿಟ್ಟು ತಗ್ಗಿತು. ಹೆಂಡತಿ ಅತ್ತೆಯನ್ನು ಕೈಹಿಡಿದು ಹತ್ತಿಸಿದಳು, ಮತ್ತಷ್ಟು ತಗ್ಗಿತು. ತಾನೂ ಏರಿ, ಗಂಡನತ್ತ ಹುಬ್ಬು ಹಾರಿಸಿದಳು. ದರ್ಜಿ ಜೇಬಿನಿಂದ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದು ತೊಲೆಗೂ ಚಾವಣಿಗೂ ನಡುವೆ ತೂರಿಸಿ ನೋಡಿದ. ಬಿಲ್ಲೆ ತೂರಿತು! ಒಂದೇ ನೆಗೆತಕ್ಕೆ ಸ್ಟೇರಿಂಗು ಹಿಡಿದ.

ಜೀಪು ಬಸವನಹುಳುವಿನಂತೆ ತೆವಳಿತು.

"ಏನ್ ಭಾವ, ಇಷ್ಟು ನಿಧಾನ? ಚಕ್ರದಲ್ಲಿ ಗಾಳಿ ಇಲ್ವಾ?" ಎಂದು ಭಾಮೈದ ಬಲಕ್ಕೆ ಬಗ್ಗಿ ಇಣುಕಿದ. ಎಡಗಡೆ ಚಾವಣಿ ಎದ್ದು ತೊಲೆಗೆ ಕರ್ರೆಂದು ಉಜ್ಜಿತು.

"ಕೂತ್ಕೊಳ್ಳೋ ನೆಟ್ಟಗೆ!" ಅಕ್ಕ ಅವನ ಅಂಗಿ ಹಿಡಿದು ಜಗ್ಗಿ, ಸೆರಗಿನಲ್ಲಿ ಕಟ್ಟಿತಂದಿದ್ದ ಬನ್ನೊಂದನ್ನು ಕೈಗೆ ತುರುಕಿದಳು. ಅವನು ನೆಟ್ಟಗಾದ. ತೊಲೆ ಹಿಂದೆ ಸರಿಯಿತು.

ಬೀದಿಯಲ್ಲಿ ಬಿಸಿಲು ಫಳಫಳಿಸುತ್ತಿತ್ತು. ಅತ್ತೆ ಕೈಗಡಿಯಾರ ನೋಡಿ, "ಇನ್ನೂ ಹನ್ನೆರಡು ಹೊಡೆದಿಲ್ಲ. ಗಾಡಿ ಅಳಿಯಂದೇ," ಎಂದು ತೀರ್ಪು ಕೊಟ್ಟರು.

ಭಾಮೈದ ಕೆಳಗಿಳಿದ. ಬೆನ್ನ ಹಿಂದೆ ಜೀಪು ಮೆಲ್ಲಗೆ ಮೇಲೆದ್ದಿತು. ಅವನು ಚಾವಣಿ ನೋಡಿದ, ತೊಲೆ ನೋಡಿದ, ಕೊನೆಗೆ ತನ್ನ ಹೊಟ್ಟೆ ನೋಡಿಕೊಂಡ.

"ಅಕ್ಕಾ!"

"ನಾನೇನು ಮಾಡ್ದೆ? ಪ್ರತಿ ಸಲ ಕೇಳೇ ಹಾಕಿದ್ದು. ಬೇಡ ಅನ್ನಬಹುದಿತ್ತು."

ದರ್ಜಿ ಹೆಂಡತಿಯತ್ತ ಬೆಪ್ಪಾಗಿ ನೋಡಿದ. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೊಸ ಪಟ್ಟಿಯ ಡೊಂಕು ನೋಡಿದ ದಿನಾನೇ ಬಾಗಿಲು ಅಳೆದೆ. ನಿಮ್ಮ ಟೇಪಲ್ಲೇ."

"ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ಪಟ್ಟಿ ಕೂರಿಸೋದು ಬಿಟ್ಟು ಇವತ್ತಿಗೂ ಬಾಗಿಲು ಅಳೀತಾ ಇರ್ತಿದ್ರಿ."

ಭಾಮೈದ ಬನ್ನಿನ ಕೊನೆಯ ತುಣುಕು ನುಂಗಿ ಸೊಂಟದ ಮೇಲೆ ಕೈಯಿಟ್ಟ. "ಆಯ್ತು, ಸೋತೆ. ಆದ್ರೆ ಗಾಡಿ ವಾಪಸ್ ಒಳಗೆ ಹೋಗಬೇಕಲ್ಲ ಭಾವ? ನಾನಿಲ್ದೆ ಹೋಗಲ್ಲ. ತೊಲೆ ಎತ್ತರಿಸೋ ತನಕ ಪ್ರತಿ ಭಾನುವಾರ ತಿಂಡಿ ಇಲ್ಲೇ. ಗುಡ್ಡಕ್ಕೂ ಬರ್ತೀನಿ."

ದರ್ಜಿ ಕುತ್ತಿಗೆಯಿಂದ ಟೇಪು ತೆಗೆದು, ಬೀದಿಯ ನಡುವೆಯೇ ಭಾಮೈದನ ಹೊಟ್ಟೆಯ ಸುತ್ತ ಹಾಕಿ ಅಳೆದ. ಇನ್ನೊಮ್ಮೆ ಅಳೆದ. ಅವನು ಹೊರಡಲು ತಿರುಗಿದಾಗ, "ಒಂದ್ನಿಮಿಷ," ಎಂದು ಮತ್ತೆ ಕರೆದ.

"ಇದು ಒಂದಿಂಚೂ ಕಮ್ಮಿಯಾಗಬಾರ್ದು, ನೋಡ್ಕೋ."