ಕೈಗಂಟದ ಹದ

"ಕೈಗೆ ಅಂಟಬಾರದು ಚಿಕ್ಕಮ್ಮಾ. ಅಂಟಿದ್ರೆ ಅದು ಸ್ಲೈಮ್ ಅಲ್ಲ, ಬರೀ ಗಲೀಜು," ಎಂದಳು ದೊಡ್ಡವಳು. ಹತ್ತು ವರ್ಷಕ್ಕೇ ಎಂಥವರ ಬಾಯನ್ನೂ ಮುಚ್ಚಿಸಬಲ್ಲವಳಾದ್ದರಿಂದ ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು. ಅವಳ ಹಿಂದೆಯೇ ಸುತ್ತುವ ಐದು ವರ್ಷದ ತಂಗಿ ಬಾಲಂಗೋಚಿ.

ಹಿಸುಕಿ, ಎಳೆದು ಆಡುವ ಆ ಲೋಳೆಯನ್ನು ಮಕ್ಕಳಿಗೆ ಮಾಡಿಕೊಡಲು ಚಿಕ್ಕಮ್ಮ ಹಜಾರದಲ್ಲಿ ಹಳೆಯ ಪೇಪರು ಹಾಸಿ, ಸ್ಟೀಲಿನ ಬೋಗುಣಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಸ್ಕೂಲಿನ ಕ್ರಾಫ್ಟ್ ಕೆಲಸಕ್ಕೆ ತಂದಿದ್ದ ಬಿಳಿ ಗೋಂದು ಒಂದು ಬಾಟಲಿ, ಭಾವನ ಶೇವಿಂಗ್ ಫೋಮ್ ನಾಲ್ಕು ಮುಷ್ಟಿ, ಚಿಟಿಕೆ ಅಡುಗೆ ಸೋಡಾ, ಒಂದಿಷ್ಟು ಹಸಿರು ಬಣ್ಣ. ಕೊನೆಗೆ, ಅಕ್ಕ ತನ್ನ ಕಣ್ಣಿನ ಲೆನ್ಸ್ ತೊಳೆಯುವ ನೀರು. ಅದನ್ನು ನೋಡಿಕೊಂಡು ಹನಿಸಬೇಕು. ಹೆಚ್ಚಾದರೆ ರಬ್ಬರು, ಕಡಿಮೆಯಾದರೆ ಅಂಟು. ಅಕ್ಕನ ಸಾಮಾನು ಎಂದು ಚಿಕ್ಕಮ್ಮ ಕೈ ಬಿಗಿ ಹಿಡಿದಿದ್ದಳು. ಹಾಗಾಗಿ ಈಗ ಎರಡೂ ಕೈ ಮಣಿಕಟ್ಟಿನ ತನಕ ಹಸಿರು ಲೋಳೆಯಲ್ಲಿ ಸಿಕ್ಕಿಕೊಂಡಿದ್ದವು. ಎತ್ತಿದರೆ ಬೋಗುಣಿಯೂ ಜೊತೆಗೇ ಏಳುತ್ತಿತ್ತು. ಬಾಲಂಗೋಚಿ ಬಿದ್ದು ಬಿದ್ದು ನಕ್ಕಳು.

ಚಿಕ್ಕಮ್ಮನೂ ನಕ್ಕಳು, ಆದರೆ ಅವಳ ಕಣ್ಣು ಗೋಡೆ ಗಡಿಯಾರದ ಮೇಲಿತ್ತು. ನಾಲ್ಕೂವರೆ. ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲೊಂದರಲ್ಲಿ ವಾರ್ಡನ್ ಹುದ್ದೆಗೆ ಅವಳು ಅರ್ಜಿ ಹಾಕಿದ್ದಳು. ಇವತ್ತು ಐದರೊಳಗೆ ಫೋನ್ ಮಾಡುತ್ತೇವೆ ಎಂದಿದ್ದರು. ವಾರ್ಡನ್ನಿಗೆ ಅಲ್ಲೇ ಒಂದು ಕೋಣೆ. ಸಂದರ್ಶನದ ದಿನ ನೋಡಿ ಬಂದಿದ್ದಳು. ಒಂದು ಕಿಟಕಿ, ಒಂದು ಮಂಚ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಯಾರೂ ನೋಡದಾಗ ಆ ಚಿಲಕವನ್ನು ಎರಡು ಸಲ ಹಾಕಿ ತೆಗೆದಿದ್ದಳು.

ಇಲ್ಲಿ ಅವಳದೆನ್ನುವ ಬಾಗಿಲಿರಲಿಲ್ಲ. ಮಲಗುವಾಗ ಮಕ್ಕಳ ಮಂಚದಡಿಯಿಂದ ಎಳೆದುಕೊಂಡು, ಬೆಳಿಗ್ಗೆ ಮತ್ತೆ ಒಳಗೆ ತಳ್ಳುವ ಚಕ್ರದ ಮಂಚವೇ ಅವಳ ಜಾಗ. ಲಾಯರಮ್ಮ ಹುಟ್ಟಿದಾಗ ಅಕ್ಕನಿಗೆ ನೆರವಾಗಲೆಂದು ಮೂರು ತಿಂಗಳ ಮಟ್ಟಿಗೆ ಬಂದವಳು, ಹತ್ತು ವರ್ಷವಾಯಿತು. ಯಾರೂ ಅವಳನ್ನು ಕೂಡಿ ಹಾಕಿರಲಿಲ್ಲ. ಒಂದು ಬಿರುಸು ಮಾತೂ ಆಡಿರಲಿಲ್ಲ. ಆಡಿದ್ದರೆ ದಡಾರನೆ ಬಾಗಿಲು ಹಾಕಿಕೊಂಡು ಹೋಗಬಹುದಿತ್ತು. "ನೀನಿಲ್ದಿದ್ರೆ ನಂಗೆ ಕೈಕಾಲೇ ಆಡಲ್ಲ ಕಣೇ" ಎಂದು ಅಕ್ಕ ಹೆಗಲ ಮೇಲೆ ಕೈ ಹಾಕಿದಾಗ, ಆ ಕೈಯನ್ನು ಎತ್ತಿ ಪಕ್ಕಕ್ಕಿಡುವುದು ಹೇಗೆ? ಹಾಸ್ಟೆಲಿನ ವಿಷಯವನ್ನು ಮನೆಯಲ್ಲಿ ಅವಳು ಬಾಯಿ ಬಿಟ್ಟಿರಲೇ ಇಲ್ಲ.

"ಒಂದು ಫೋನ್ ಬರೋದಿದೆ ಕಣ್ರೇ. ಬೇಗ ನನ್ನ ಕೈ ಬಿಡಿಸಿ."

"ಹಾಸ್ಟೆಲ್ ಫೋನಾ? ಅದು ಬೆಳಿಗ್ಗೆನೇ ಬಂತಲ್ಲ," ಎಂದಳು ಬಾಲಂಗೋಚಿ.

ಲಾಯರಮ್ಮ ತಂಗಿಯ ತೊಡೆ ಚಿವುಟಿದಳು. ಚಿಕ್ಕಮ್ಮ ಬಾಲಂಗೋಚಿಯ ಕಡೆ ತಿರುಗಿದಳು.

"ಯಾವಾಗ?"

"ನೀನು ಸ್ನಾನಕ್ಕೆ ಹೋಗಿದ್ದೆ. ಅಮ್ಮ ಎತ್ತಿದ್ಳು. ನೀನು ಬರಲ್ವಂತೆ, ಮನಸ್ಸು ಬದಲಾಯಿಸಿದೀಯಂತೆ, ಹಾಗಂದ್ಳು. ಚಿಕ್ಕಮ್ಮಂಗೆ ಹೇಳ್ಬೇಡಿ, ಸುಮ್ನೆ ಬೇಜಾರು ಮಾಡ್ಕೋತಾಳೆ ಅಂದ್ಳು. ಅಯ್ಯೋ, ಹೇಳ್ಬಿಟ್ನಾ!"

ಹಜಾರದ ಫೋನು ಮೂಲೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿತ್ತು. ಅರ್ಜಿಯಲ್ಲಿ ಅದರ ನಂಬರನ್ನು ಬರೆದದ್ದು ತಾನೇ. ಹತ್ತು ವರ್ಷ ಗ್ಯಾಸಿನವನಿಗೆ, ನಲ್ಲಿ ರಿಪೇರಿಯವನಿಗೆ, ಎಲ್ಲರಿಗೂ ಬರೆದು ಕೊಟ್ಟ ನಂಬರು. ಪೆನ್ನು ತನ್ನಷ್ಟಕ್ಕೆ ಬರೆದುಬಿಟ್ಟಿತ್ತು. ತನ್ನದೂ ಒಂದು ಮೊಬೈಲಿದೆ ಎಂಬುದು ಆಗ ನೆನಪಿಗೇ ಬಂದಿರಲಿಲ್ಲ.

ಕೈ ತೊಳೆಯಲು ಎದ್ದರೆ ಧೈರ್ಯವೂ ತೊಳೆದು ಹೋದೀತು ಎನಿಸಿತು.

"ಲಾಯರಮ್ಮಾ, ಆ ಫೋನ್ ತಂದಿಲ್ಲಿಡು. ಸ್ಪೀಕರ್ ಹಾಕು. ನಾನು ನಂಬರ್ ಹೇಳ್ತೀನಿ, ಒತ್ತು."

"ಅಮ್ಮ ಬೈತಾಳೆ."

"ನನಗೆ ಬೈಲಿ. ಒತ್ತು."

ಅವಳು ಹೆಸರು ಹೇಳುತ್ತಲೇ ಆ ಕಡೆ ಹಾಸ್ಟೆಲಿನ ಗುಮಾಸ್ತೆಯ ದನಿ. "ಬರಲ್ಲ ಅಂತ ಬೆಳಿಗ್ಗೆ ಹೇಳಿದ್ರಲ್ಲ ಮೇಡಂ?"

"ಹೇಳಿದ್ದು ನಾನಲ್ಲ. ನಾನು ಬರ್ತೀನಿ."

"ಅಯ್ಯೋ ದೇವ್ರೇ! ಐದಕ್ಕೆ ಇನ್ನೊಬ್ಬರಿಗೆ ಹೇಳೋದಿತ್ತು. ಇರಿ, ಸೆಕ್ರೆಟರಿ ಮೇಡಂ ಮೀಟಿಂಗ್ ಮುಗಿಸಿ ಅವರೇ ನಿಮಗೆ ಮಾಡ್ತಾರೆ. ಒಂದೇ ಸಲ ಮಾಡೋದು, ನೀವೇ ಎತ್ಬೇಕು. ಇದೇ ನಂಬರಿಗಾ?"

ಅಕ್ಕ ಕೆಲಸದಿಂದ ಬರುವ ಹೊತ್ತೂ ಐದೇ. ಬಂದ ಮೇಲೆ ಈ ಫೋನನ್ನು ಎತ್ತುವವಳೂ ಅವಳೇ.

"ಇದಕ್ಕೆ ಬೇಡ. ನನ್ನ ಮೊಬೈಲಿಗೆ."

"ಹೇಳಿ, ಬರ್ಕೋತೀನಿ."

ಚಿಕ್ಕಮ್ಮ ಬಾಯಿ ತೆರೆದಳು. ತನ್ನ ನಂಬರು ನೆನಪಿಗೆ ಬರಲಿಲ್ಲ. ಹಾಸ್ಟೆಲಿನ ನಂಬರು ನೀರು ಕುಡಿದಷ್ಟು ಸಲೀಸು. ತನ್ನದನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ!

"ಅಕ್ಕಂಗೆ ಗೊತ್ತು!" ಬಾಲಂಗೋಚಿ ಲಾಯರಮ್ಮನನ್ನು ತೋರಿಸಿ ಕುಣಿದಳು. "ಅವಳ ಸ್ಕೂಲ್ ಡೈರೀಲಿದೆ. ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ಜಾಗದಲ್ಲಿ."

ಎಲ್ಲದಕ್ಕೂ ನಾಲಗೆಯ ತುದಿಯಲ್ಲೇ ಉತ್ತರವಿರುವ ಲಾಯರಮ್ಮ ತಲೆ ತಗ್ಗಿಸಿ ಕೂತಿದ್ದಳು.

"ಹೇಳು ಮರೀ," ಎಂದಳು ಚಿಕ್ಕಮ್ಮ.

ಅವಳು ಒಂದೊಂದೇ ಅಂಕಿ ಹೇಳಿದಳು, ಮಗ್ಗಿ ಒಪ್ಪಿಸುವವಳ ಹಾಗೆ. ಕೊನೆಯದಕ್ಕೆ ಬಂದಾಗ "ಏಳು" ಎಂದಳು.

"ಏಳಲ್ಲ, ಒಂಬತ್ತು! ನೀನೇ ನಂಗೆ ಹೇಳ್ಕೊಟ್ಟಿದ್ದು," ಎಂದಳು ಬಾಲಂಗೋಚಿ.

ಲಾಯರಮ್ಮನ ಮುಖ ಕಿವಿಯ ತನಕ ಕೆಂಪಾಯಿತು. ಕಣ್ಣು ತುಂಬಿತು. ಹುಡುಗಿ ಬೇಕೆಂದೇ ತಪ್ಪು ಹೇಳಿದ್ದಾಳೆ ಎಂದು ಚಿಕ್ಕಮ್ಮನಿಗೆ ಅರ್ಥವಾಯಿತು.

"ಹಲೋ? ಕೊನೇದು ಏಳಾ, ಒಂಬತ್ತಾ?"

ಏಳು ಎಂದರೆ ಮುಗಿಯಿತು. ಎಲ್ಲ ಇದ್ದ ಹಾಗೇ ಇರುತ್ತದೆ, ಯಾರ ಮೇಲೂ ತಪ್ಪು ಬರುವುದಿಲ್ಲ. ಹಾಗೆಂದುಬಿಡುವುದು ಎಷ್ಟು ಸುಲಭ ಎಂದು ಅವಳಿಗೇ ಹೆದರಿಕೆಯಾಯಿತು. ಈ ಹುಡುಗಿ ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈಗಳಿವು. ಈಗ ಅವಳ ಕಣ್ಣು ಒರೆಸಲೂ ಬಾರವು.

"ಒಂಬತ್ತು," ಎಂದಳು, ಹುಡುಗಿಯ ಮುಖದಿಂದ ಕಣ್ಣು ತೆಗೆಯದೆ.

ಲಾಯರಮ್ಮ ಫೋನು ಇಟ್ಟು ಒಳಗೆ ಓಡಿದಳು. ಚಾರ್ಜಿಗಿಟ್ಟಿದ್ದ ಮೊಬೈಲನ್ನು ಕಿತ್ತು ತಂದು ಪೇಪರಿನ ಆ ತುದಿಯಲ್ಲಿಟ್ಟು, ಬೆನ್ನು ತಿರುಗಿಸಿ ಕೂತಳು.

"ನೀನು ಹೋಗ್ತೀಯಾ?"

"ಹೂಂ."

"ಹಾಗಿದ್ರೆ ನೀನೇ ಎತ್ಕೋ. ನಾನಂತೂ ಒತ್ತಲ್ಲ."

ಐದಕ್ಕೆ ಹತ್ತು ನಿಮಿಷವಿತ್ತು. ಚಿಕ್ಕಮ್ಮ ಬೋಗುಣಿಯ ಅಂಚಿಗೆ ಒಂದೊಂದೇ ಬೆರಳನ್ನು ಒತ್ತಿ, ಅಂಟಿದ ಲೋಳೆಯನ್ನು ಹೆರೆಯತೊಡಗಿದಳು.