ಉಳಿದ ಹನ್ನೆರಡು ಬೆಲ್ಟು

ಬೆಳಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಅತ್ತಿಗೆ ಅವಳನ್ನು ಕಾರ್ಖಾನೆಯ ನಲ್ಲಿಯ ಹತ್ತಿರ ನಿಲ್ಲಿಸಿಕೊಂಡಳು.

“ನಿನ್ನೆ ದಾರ ಮುಗೀತು ಕಣೇ. ಮೂಲೇಲಿ ಬಿದ್ದಿದ್ದ ರೀಲು ಹಾಕಿ ಎರಡು ಬೆಲ್ಟು ಹೊಲಿದುಬಿಟ್ಟೆ. ಈಗ ಹೇಳ್ತಾರೆ, ಅದು ಆಸಿಡ್ ಬಿದ್ದು ಬಿಸಾಕಿದ್ದ ರೀಲಂತೆ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತೆ. ಹೇಗಾದ್ರೂ ಮಾಡಿ ಆ ಎರಡನ್ನ ನೀನೇ ತೆಗೆದುಬಿಡು.”

ಸೊಂಟಕ್ಕೆ ಕಟ್ಟುವ ರಕ್ಷಣೆಯ ಬೆಲ್ಟು ಒಟ್ಟು ಇಪ್ಪತ್ತು. ಎತ್ತರದ ಹೊಗೆ ಕೊಳವೆಗೆ ಬಣ್ಣ ಬಳಿಯುವ ಹನ್ನೆರಡು ಮಂದಿ ದಿನವಿಡೀ ಅವುಗಳಲ್ಲೇ ನೇತಾಡಬೇಕು. ಆ ಹನ್ನೆರಡರಲ್ಲಿ ಅವಳ ಅಣ್ಣನೂ ಒಬ್ಬ. ಆಸಿಡ್ ತಿಂದ ದಾರ ಕೈಯಲ್ಲಿ ಎಳೆದರೆ ಹರಿಯದು. ಗಂಟೆಗಟ್ಟಲೆ ಭಾರ ಹೊತ್ತ ಮೇಲೆ ಕೈಕೊಡುತ್ತದೆ. ಹೊಲಿಗೆಯ ಮೇಲೆ ತೊಗಲು ಅಂಟಿಸಿ ಮುಚ್ಚಿದ್ದರಿಂದ ಇಪ್ಪತ್ತೂ ಒಂದೇ ತರ ಕಾಣುತ್ತಿದ್ದವು. ತೊಗಲು ಕಿತ್ತರೆ ಹೊಲಿಗೆಯೂ ಕಿತ್ತು ಬರುತ್ತಿತ್ತು. ಯಂತ್ರಕ್ಕೆ ಕಟ್ಟಿ ಎಳೆದು ನೋಡಿ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಅವಳ ಕೆಲಸ. ಒಮ್ಮೆ ಎಳೆದದ್ದನ್ನು, ಗಟ್ಟಿಯಿದ್ದರೂ, ಮತ್ತೆ ಯಾರೂ ತೊಡುವಂತಿಲ್ಲ. ಹನ್ನೆರಡು ಬೇಕೇ ಬೇಕು. ಅಂದರೆ ಎಳೆದು ನೋಡಲು ಅವಳ ಪಾಲಿಗೆ ಎಂಟು ಮಾತ್ರ.

ಕಣ್ಣು ಮುಚ್ಚಿ ರಾಶಿಗೆ ಕೈ ಹಾಕಿದಳು. ಮೊದಲನೆಯದು ಹರಿಯದೆ ತಡೆಯಿತು. ಎರಡನೆಯದೂ. ನಾಲ್ಕನೆಯದು ತಡೆದಾಗ ಸೂಪರ್‌ವೈಸರ್ ಚಪ್ಪಾಳೆ ತಟ್ಟಿದ. ಅವಳು ಮಾತ್ರ ಮುಖ ಬಾಡಿಸಿಕೊಂಡು ಉಳಿದವನ್ನು ಎಣಿಸಿದಳು. ಬೆಳಗ್ಗೆ ಇಪ್ಪತ್ತರಲ್ಲಿ ಎರಡು, ಅಂದರೆ ಹತ್ತರಲ್ಲಿ ಒಂದಿದ್ದ ಅಣ್ಣನ ಕುತ್ತು ಈಗ ಹದಿನಾರರಲ್ಲಿ ಎರಡು, ಎಂಟರಲ್ಲಿ ಒಂದಾಗಿತ್ತು. ಒಳ್ಳೆಯದೊಂದನ್ನು ಹಾಳುಮಾಡಿದ ಹಾಗೆಲ್ಲ ಕೆಟ್ಟದ್ದು ಅವನಿಗೆ ಒಂದು ಹೆಜ್ಜೆ ಹತ್ತಿರವಾಗುತ್ತಿತ್ತು.

ಆರನೆಯದು ಪಟ್ಟನೆ ಹರಿಯಿತು.

“ಪೀಡೆ ಕಳೀತು!” ಎಂದ ಸೂಪರ್‌ವೈಸರ್. “ಏನಮ್ಮ ಲೆಕ್ಕದಮ್ಮ, ಗಟ್ಟಿ ಇದ್ರೂ ಅಳುಮುಖ, ಹರಿದ್ರೂ ಅಳುಮುಖ! ನಿನ್ನ ಮೆಚ್ಚಿಸೋಕೆ ಬೆಲ್ಟೇನು ಹಾಡು ಹೇಳಬೇಕಾ?”

ಏಳು ತಡೆಯಿತು. ಎಂಟೂ ತಡೆಯಿತು.

“ಸರ್, ಉಳಿದದ್ದನ್ನೂ ಎಳೆದು ನೋಡೋಣ,” ಎಂದಳು.

“ಎಲ್ಲಾ ಎಳೆದ್ರೆ ಅವರು ಸೊಂಟಕ್ಕೆ ಏನು ಕಟ್ಕೋತಾರೆ, ನಿನ್ನ ಲೆಕ್ಕದ ಪುಸ್ತಕಾನಾ?”

ಬಾಗಿಲಲ್ಲಿ ಹನ್ನೆರಡು ಮಂದಿ ಬಂದು ನಿಂತಿದ್ದರು. ಹನ್ನೆರಡು ಬೆಲ್ಟು, ಹನ್ನೆರಡು ಸೊಂಟ. ಅಣ್ಣ ಮೊದಲು ತೆಗೆದುಕೊಂಡರೂ ಕೊನೆಗೆ ತೆಗೆದುಕೊಂಡರೂ ಅವನ ಪಾಲು ಹನ್ನೆರಡರಲ್ಲಿ ಒಂದೇ. ಹೊಟ್ಟೆನೋವು ಎಂದು ಮನೆಗೆ ಕಳಿಸಿದರೆ ಅವನು ಬಚಾವು. ಆದರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಕೆಟ್ಟದ್ದು ಯಾರಿಗೆ ಸಿಗುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ. ಒಬ್ಬನಿಗಂತೂ ಖಂಡಿತ.

ಹೊಲಿಗೆ ಯಂತ್ರದ ಹಿಂದಿನಿಂದ ಅತ್ತಿಗೆ ಹೇಳಬೇಡ ಹೇಳಬೇಡ ಎಂದು ತಲೆಯಾಡಿಸುತ್ತಿದ್ದಳು.

ಮೇಜಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡು ಅವಳು ಬೆಲ್ಟುಗಳನ್ನು ಒಂದೊಂದಾಗಿ ಕತ್ತರಿಸತೊಡಗಿದಳು. ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಸೂಪರ್‌ವೈಸರ್ ಓಡಿಬಂದು ರಟ್ಟೆ ಹಿಡಿಯುವಷ್ಟರಲ್ಲಿ ಹನ್ನೊಂದು ತುಂಡಾಗಿದ್ದವು. ಕೊಸರಿಕೊಂಡು ಹನ್ನೆರಡನೆಯದನ್ನೂ ಕತ್ತರಿಸಿದಳು.

“ಹುಚ್ಚು ಹಿಡೀತಾ ನಿಂಗೆ?”

“ಇನ್ನೊಂದು ಕೆಟ್ಟದ್ದಿತ್ತು.”

“ಇತ್ತು ಅಂತ ನಿಂಗ್ಯಾರು ಹೇಳಿದ್ದು?”

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಅತ್ತಿಗೆಯ ಕಡೆ ಕಣ್ಣು ಹೊರಳಿಸಲಿಲ್ಲ. ಮಧ್ಯಾಹ್ನದೊಳಗೆ ಅವಳನ್ನು ಕೆಲಸದಿಂದ ತೆಗೆದರು. ಬೆಲ್ಟಿಲ್ಲದ್ದರಿಂದ ಕೊಳವೆಯ ಕೆಲಸ ಬೇರೆ ತಂಡದ ಪಾಲಾಯಿತು.

ಸಂಜೆ ಮೂವರೂ ಒಟ್ಟಿಗೇ ಮನೆಗೆ ಹೊರಟರು. ದಾರಿಯಲ್ಲಿ ಅಣ್ಣ ಹೇಳಿದ: “ಇದ್ರೂ ಒಂದು ತಾನೇ ಕೆಟ್ಟದ್ದು? ಹನ್ನೊಂದು ಜನಕ್ಕೆ ಕೆಲಸ ಇತ್ತಲ್ಲ.”

“ನೀನು ಆ ಹನ್ನೊಂದರಲ್ಲೇ ಇರ್ತಿದ್ದೆ ಅಂತ ಹೇಗೆ ಹೇಳ್ತೀಯಣ್ಣ?”

ಅತ್ತಿಗೆ ತಲೆ ಎತ್ತಲಿಲ್ಲ. ಅಣ್ಣ ಬೀಸು ಹೆಜ್ಜೆ ಹಾಕಿ ಇಬ್ಬರನ್ನೂ ಹಿಂದೆ ಬಿಟ್ಟು ನಡೆದುಬಿಟ್ಟ.